ಪೆಲೆಟ್ ಸ್ಟವ್ ಇರುವ ಮನೆಗೆ ಬಂದಿದ್ದೀರಾ? ಥರ್ಮೋಸ್ಟಾಟ್ ಬಗ್ಗೆ ಇಷ್ಟು ತಿಳಿದಿರಲಿ

ಹೊಸ ಮನೆಯ ಹಾಲ್‌ನಲ್ಲಿ ಗಾಜಿನ ಬಾಗಿಲಿನ ಕಬ್ಬಿಣದ ಒಲೆ ಇದೆಯಾ? ಅದರ ಮೇಲಿನ ಮುಚ್ಚಳ ಎತ್ತಿ ನೋಡಿ. ಒಳಗೆ 6 ಮಿಲಿಮೀಟರ್ ದಪ್ಪದ ಸಣ್ಣ ಮರದ ತುಂಡುಗಳು ಇದ್ದರೆ ಅದು ಪೆಲೆಟ್ ಸ್ಟವ್. ಮರದ ಹೊಟ್ಟನ್ನು ಗಟ್ಟಿಯಾಗಿ ಒತ್ತಿ ಮಾಡಿದ ಈ ಪೆಲೆಟ್‌ಗಳೇ ಅದರ ಉರುವಲು. ಇಂಥ ಒಲೆಯನ್ನು ಮೊದಲ ಸಲ ನೋಡುತ್ತಿರುವ ಕುಟುಂಬಗಳಿಗಾಗಿ ಈ ಬರಹ. ಉರಿಸುವುದು ಹೇಗೆ ಅಂತ ಮ್ಯಾನುಯಲ್‌ನಲ್ಲಿ ಇದ್ದೇ ಇರುತ್ತದೆ. ಜನ ತಡವರಿಸುವುದು ಥರ್ಮೋಸ್ಟಾಟ್ ವಿಷಯದಲ್ಲಿ, ಅಂದರೆ ರೂಮಿನ ಉಷ್ಣತೆ ನೋಡಿ ಬಿಸಿ ಬೇಕೋ ಬೇಡವೋ ಅಂತ ಒಲೆಗೆ ಹೇಳುವ ಸಾಧನದ ವಿಷಯದಲ್ಲಿ. ಹಾಗಾಗಿ ಇಲ್ಲಿ ಅದನ್ನೇ ಜಾಸ್ತಿ ಹೇಳಿದ್ದೇವೆ.

ಮೊದಲು ಒಲೆ ಹೇಗೆ ಕೆಲಸ ಮಾಡುತ್ತದೆ ಅಂತ ನೋಡಿ. ಇದು ಗೊತ್ತಾದರೆ ಮುಂದಿನ ಅರ್ಧ ಸಮಸ್ಯೆ ಬರುವುದೇ ಇಲ್ಲ. ಪೆಲೆಟ್ ತುಂಬುವ ಜಾಗಕ್ಕೆ ಹಾಪರ್ ಅಂತಾರೆ. ಅದರ ತಳದಲ್ಲಿ ಆಗರ್ ಅನ್ನುವ ತಿರುಪು ಇರುತ್ತದೆ. ಅದು ನಿಧಾನವಾಗಿ ತಿರುಗುತ್ತಾ, ಪೆಲೆಟ್‌ಗಳನ್ನು ಸ್ವಲ್ಪ ಸ್ವಲ್ಪವಾಗಿ ಬರ್ನ್ ಪಾಟ್ ಅನ್ನುವ ಸಣ್ಣ ಬಟ್ಟಲಿಗೆ ಬೀಳಿಸುತ್ತದೆ. ಬಟ್ಟಲಿನ ಹತ್ತಿರ ಇರುವ ಇಗ್ನೈಟರ್ ಕೆಂಪಗೆ ಕಾದು ಬೆಂಕಿ ಹೊತ್ತಿಸುತ್ತದೆ. ಒಂದು ಫ್ಯಾನ್ ಹೊಗೆಯನ್ನು ಕೊಳವೆಯ ಮೂಲಕ ಹೊರಗೆ ಕಳಿಸುತ್ತದೆ. ಇನ್ನೊಂದು ಫ್ಯಾನ್ ಬಿಸಿಗಾಳಿಯನ್ನು ರೂಮಿಗೆ ಊದುತ್ತದೆ. ಇಷ್ಟಕ್ಕೂ ಕರೆಂಟ್ ಬೇಕು.

ಥರ್ಮೋಸ್ಟಾಟ್ "ಬಿಸಿ ಬೇಕು" ಅಂದ ತಕ್ಷಣ ಏನಾಗುತ್ತದೆ ಅಂತ ಒಂದು ಸಲ ಒಲೆಯ ಮುಂದೆ ಕೂತು ನೋಡಿ. ಟಿಕ್ ಅಂತ ಒಂದು ಸದ್ದು. ಹೊಗೆ ಎಳೆಯುವ ಫ್ಯಾನ್ ಶುರುವಾಗುತ್ತದೆ. ಪೆಲೆಟ್‌ಗಳು ಟಪ ಟಪ ಅಂತ ಬಟ್ಟಲಿಗೆ ಬೀಳುತ್ತವೆ. ಕೆಲವು ನಿಮಿಷ ಬರೀ ಹೊಗೆಯಾಡುತ್ತದೆ, ಗಾಜು ಮಸುಕಾಗುತ್ತದೆ. ಆಮೇಲೆ ಒಮ್ಮೆಲೇ ಜ್ವಾಲೆ ಏಳುತ್ತದೆ. ಆದರೂ ರೂಮಿಗೆ ಗಾಳಿ ಬರುವುದಿಲ್ಲ. ಒಲೆಯ ಮೈ ಕಾದಿದೆ ಅಂತ ಒಳಗಿನ ಸೆನ್ಸರ್‌ಗೆ ಗೊತ್ತಾದ ಮೇಲಷ್ಟೇ ಬಿಸಿಗಾಳಿಯ ಫ್ಯಾನ್ ತಿರುಗುವುದು. ಇಷ್ಟಾಗಲು 10ರಿಂದ 20 ನಿಮಿಷ ಬೇಕಾಗಬಹುದು. ಆರುವಾಗಲೂ ಹಾಗೆಯೇ. ಪೆಲೆಟ್ ಬೀಳುವುದು ನಿಂತರೂ, ಬಟ್ಟಲಿನಲ್ಲಿ ಇರುವುದು ಉರಿದು ಮುಗಿದು ಒಲೆ ತಣ್ಣಗಾಗುವ ತನಕ ಫ್ಯಾನ್‌ಗಳು ನಡೆಯುತ್ತಲೇ ಇರುತ್ತವೆ. ಗ್ಯಾಸ್ ಹೀಟರ್ ಆದರೆ ಕ್ಷಣದಲ್ಲಿ ಹತ್ತುತ್ತದೆ, ಕ್ಷಣದಲ್ಲಿ ಆರುತ್ತದೆ. ಮಾಮೂಲಿ ಥರ್ಮೋಸ್ಟಾಟ್‌ಗಳು ಇಂಥ ಹೀಟರ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ತಯಾರಾದವು. ಪೆಲೆಟ್ ಸ್ಟವ್‌ಗೆ ಹಾಕುವಾಗ ಅವನ್ನು ಸ್ವಲ್ಪ ನಿಧಾನ ಮಾಡಬೇಕು. ಈ ಬರಹದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಇನ್ನೊಂದು ಮಾತು. ಥರ್ಮೋಸ್ಟಾಟ್ ನಮ್ಮ ಫ್ಯಾನ್ ರೆಗ್ಯುಲೇಟರ್ ಥರ ಅಲ್ಲ. ರೆಗ್ಯುಲೇಟರ್‌ನಲ್ಲಿ 5ಕ್ಕೆ ತಿರುಗಿಸಿದರೆ ಫ್ಯಾನ್ ಜೋರಾಗುತ್ತದೆ. ಥರ್ಮೋಸ್ಟಾಟ್‌ನಲ್ಲಿ 28 ಇಟ್ಟರೆ ರೂಮು ಬೇಗ ಬಿಸಿಯಾಗುವುದಿಲ್ಲ. ನಿಮಗೆ ಬೇಕಾದ ಉಷ್ಣತೆ ದಾಟಿದ ಮೇಲೂ ಒಲೆ ಉರಿಯುತ್ತಲೇ ಇರುತ್ತದೆ, ಅಷ್ಟೇ. ಬೇಕಾಗಿರುವುದು 20 ಆದರೆ 20ಕ್ಕೇ ಇಟ್ಟು ಸುಮ್ನೆ ಬಿಡಿ. ತೆರೆಯಲ್ಲಿ 68, 70 ಅಂತ ಕಂಡರೆ ಗಾಬರಿ ಬೇಡ, ಅದು ಫ್ಯಾರನ್‌ಹೀಟ್. 68 ಅಂದರೆ 20 ಡಿಗ್ರಿ ಸೆಲ್ಸಿಯಸ್, 70 ಅಂದರೆ ಸುಮಾರು 21.

ಆನ್-ಆಫ್ ಇಡಬೇಕಾ, ಹೈ-ಲೋ ಇಡಬೇಕಾ?

ಥರ್ಮೋಸ್ಟಾಟ್ ಹೇಳಿದ ಮಾತನ್ನು ಒಲೆ ಹೇಗೆ ಪಾಲಿಸಬೇಕು ಅನ್ನುವುದನ್ನು ಒಲೆಯ ಪ್ಯಾನೆಲ್‌ನಲ್ಲಿ ಆರಿಸಬೇಕು. ಹೆಸರು ಕಂಪನಿಯಿಂದ ಕಂಪನಿಗೆ ಬೇರೆ. ಆದರೆ ಮುಖ್ಯವಾಗಿ ಎರಡು ರೀತಿ. ಆನ್-ಆಫ್‌ನಲ್ಲಿ ರೂಮು ಸಾಕಷ್ಟು ಬಿಸಿಯಾದ ಮೇಲೆ ಬೆಂಕಿ ಪೂರ್ತಿ ಆರುತ್ತದೆ, ಮತ್ತೆ ಬೇಕಾದಾಗ ತಾನೇ ಹೊತ್ತಿಕೊಳ್ಳುತ್ತದೆ. ಹೈ-ಲೋನಲ್ಲಿ ಬೆಂಕಿ ಆರುವುದೇ ಇಲ್ಲ. ಸಾಕು ಅಂದಾಗ ಸಣ್ಣಗೆ ಉರಿಯುತ್ತದೆ, ಬೇಕು ಅಂದಾಗ ಜೋರಾಗುತ್ತದೆ.

ಚಳಿ ಗಟ್ಟಿಯಾಗಿ ಕೂತಿರುವ ತಿಂಗಳುಗಳಲ್ಲಿ ಹೈ-ಲೋ ಇಡಿ ಅಂತ ನಮ್ಮ ಸಲಹೆ. ಹೊರಗೆ ಅಷ್ಟು ಚಳಿ ಇದ್ದಾಗ ಸಣ್ಣ ಬೆಂಕಿಯ ಬಿಸಿ ಹೇಗೂ ವ್ಯರ್ಥವಾಗುವುದಿಲ್ಲ. ಇಗ್ನೈಟರ್‌ಗೂ ಕೆಲಸ ಕಡಿಮೆ. ಪ್ರತಿ ಸಲ ಹೊತ್ತಿಸುವಾಗಲೂ ಅದು ಕೆಂಪಗೆ ಕಾಯಬೇಕು, ಹಾಗಾಗಿ ಒಲೆಯಲ್ಲಿ ಸವೆದು ಹೋಗುವ ಭಾಗಗಳಲ್ಲಿ ಅದೂ ಒಂದು. ಚಳಿಗಾಲದ ಶುರು ಮತ್ತು ಕೊನೆಯಲ್ಲಿ, ಬೆಳಗ್ಗೆ ಸಂಜೆ ಮಾತ್ರ ಬಿಸಿ ಬೇಕಾದಾಗ, ಆನ್-ಆಫ್ ಸರಿ. ಆಗ ಹೈ-ಲೋ ಇಟ್ಟರೆ ಮಧ್ಯಾಹ್ನ ಸಣ್ಣ ಬೆಂಕಿಯೇ ರೂಮನ್ನು ಬೇಯಿಸಿಬಿಡುತ್ತದೆ, ಕಿಟಕಿ ತೆಗೆಯಬೇಕಾಗುತ್ತದೆ. ಇಡೀ ದಿನ ಸಣ್ಣಗೇ ಉರಿದರೆ ಗಾಜಿಗೂ ಒಳಗಿನ ದಾರಿಗಳಿಗೂ ಮಸಿ ಜಾಸ್ತಿ ಹಿಡಿಯುತ್ತದೆ. ಆಗಾಗ ಸ್ವಲ್ಪ ಹೊತ್ತು ಜೋರಾಗಿ ಉರಿಸಿ.

ಕೆಲವು ಒಲೆಗಳು ಇನ್ನೂ ಜಾಣ. ಅವುಗಳಲ್ಲಿ ಥರ್ಮೋಸ್ಟಾಟ್ ಒಳಗೇ ಇರುತ್ತದೆ. ಇಟ್ಟ ಉಷ್ಣತೆ ಹತ್ತಿರವಾಗುತ್ತಿದ್ದಂತೆ ಬೆಂಕಿಯನ್ನು ಹಂತ ಹಂತವಾಗಿ ತಾವೇ ಇಳಿಸುತ್ತವೆ. ಇಂಥ ಒಲೆ ಸಿಕ್ಕಿದರೆ, ಒಂದು ಚಳಿಗಾಲ ಅದನ್ನೇ ಬಳಸಿ ನೋಡದೆ ಹೊರಗಿನ ಥರ್ಮೋಸ್ಟಾಟ್ ಕೊಳ್ಳಬೇಡಿ. ಹೊರಗಿನದು ಬರೀ "ಬೇಕು, ಬೇಡ" ಅಂತ ಎರಡೇ ಮಾತು ಹೇಳಬಲ್ಲದು. ಒಳಗಿನದು ನಿಮ್ಮ ರೂಮಿಗೆ ಸರಿಹೋದರೆ ಅದೇ ಮೇಲು.

ಎಷ್ಟು ಡಿಗ್ರಿ ಇಳಿದ ಮೇಲೆ ಹತ್ತಬೇಕು?

ಥರ್ಮೋಸ್ಟಾಟ್‌ನ ಮೆನುವಿನಲ್ಲಿ ಸ್ವಿಂಗ್, ಡಿಫರೆನ್ಶಿಯಲ್ ಅಥವಾ ಹಿಸ್ಟರಿಸಿಸ್ ಅನ್ನುವ ಒಂದು ಸೆಟ್ಟಿಂಗ್ ಇರುತ್ತದೆ. ಬಹಳ ಜನ ಇದನ್ನು ಮುಟ್ಟುವುದೇ ಇಲ್ಲ. ನಮ್ಮ ಪ್ರಕಾರ ಪೆಲೆಟ್ ಸ್ಟವ್ ಇರುವವರು ಮೊದಲು ನೋಡಬೇಕಾದದ್ದೇ ಇದು, ಅದರಲ್ಲೂ ಆನ್-ಆಫ್ ಇಟ್ಟಿದ್ದರೆ. ಅರ್ಧ ಡಿಗ್ರಿಗೆ ಇದೆ ಅಂದುಕೊಳ್ಳಿ. ರೂಮು 20ರಿಂದ 19.5ಕ್ಕೆ ಇಳಿಯಿತು, ಒಲೆ ಹತ್ತಲು ಶುರು ಮಾಡಿತು. ಕಾಲು ಗಂಟೆಯಾದ ಮೇಲೆ ಬಿಸಿಗಾಳಿ ಬಂತು. ಸ್ವಲ್ಪ ಹೊತ್ತಿಗೇ 20 ಮುಟ್ಟಿತು, ಆರಲು ಶುರು ಮಾಡಿತು. ಪೂರ್ತಿ ತಣ್ಣಗಾಗುವ ಹೊತ್ತಿಗೆ ಮತ್ತೆ 19.5. ಹೀಗೆ ದಿನವಿಡೀ ಹತ್ತುವುದು, ಆರುವುದು. ಹೊತ್ತಿಸುವಾಗ ಮತ್ತು ಆರಿಸುವಾಗಲೇ ಹೊಗೆ, ಮಸಿ ಜಾಸ್ತಿ. ಪೆಲೆಟ್ ಖರ್ಚಾಗುತ್ತದೆ, ಗಾಜು ಕಪ್ಪಾಗುತ್ತದೆ, ರೂಮು ಮಾತ್ರ ಹದವಾಗಿ ಬಿಸಿಯಾಗುವುದೇ ಇಲ್ಲ.

ಅದನ್ನು 1.5 ಅಥವಾ 2 ಡಿಗ್ರಿಗೆ ಏರಿಸಿ. ಒಲೆ ಒಂದು ಸಲ ಹತ್ತಿದರೆ ಒಳ್ಳೆ ಹೊತ್ತು ಉರಿಯುತ್ತದೆ, ಆರಿದರೆ ಒಳ್ಳೆ ಹೊತ್ತು ಆರಿರುತ್ತದೆ. ಕೆಲವು ಥರ್ಮೋಸ್ಟಾಟ್‌ಗಳಲ್ಲಿ ಸ್ವಿಂಗ್ ಬದಲು ಗಂಟೆಗೆ ಎಷ್ಟು ಸಲ ಹತ್ತಬೇಕು ಅಂತ ಕೇಳುತ್ತದೆ. ಅಲ್ಲಿ ಅತಿ ಕಡಿಮೆ ಸಂಖ್ಯೆ, ಸಾಮಾನ್ಯವಾಗಿ 1, ಆರಿಸಿಕೊಳ್ಳಿ. ಗಾಳಿ ಹೀಟರ್‌ಗೆ ಇಡುವ 5 ಅಥವಾ 6 ನಿಮಗೆ ಬೇಡ.

ಗೋಡೆಯ ಮೇಲೆ ಎಲ್ಲಿ?

ಥರ್ಮೋಸ್ಟಾಟ್‌ಗೆ ಗೊತ್ತಾಗುವುದು ತಾನಿರುವ ಜಾಗದ ಉಷ್ಣತೆ ಮಾತ್ರ. ಒಲೆಯ ಬಿಸಿಗಾಳಿ ನೇರ ಬಡಿಯುವ ಗೋಡೆಯ ಮೇಲೆ ಹಾಕಿದರೆ ಅದು ಬೇಗ ಸಾಕು ಅನ್ನುತ್ತದೆ, ನೀವು ಸೋಫಾದಲ್ಲಿ ನಡುಗುತ್ತಿರುತ್ತೀರಿ. ಹೊರಬಾಗಿಲ ಪಕ್ಕ ಹಾಕಿದರೆ ಪ್ರತಿ ಸಲ ಬಾಗಿಲು ತೆಗೆದಾಗಲೂ ಒಲೆ ಜೋರಾಗುತ್ತದೆ. ನೆಲದಿಂದ ಸುಮಾರು 1.5 ಮೀಟರ್ ಎತ್ತರದಲ್ಲಿ, ಮನೆಯ ಒಳಗೋಡೆಯ ಮೇಲೆ, ನೀವು ಜಾಸ್ತಿ ಹೊತ್ತು ಕೂರುವ ಕಡೆ ಹಾಕಿ. ಬಿಸಿಲು ಬೀಳುವ ಜಾಗ, ಟಿವಿಯ ಹಿಂದೆ, ಪರದೆಯ ಹಿಂದೆ ಬೇಡ.

ರಿಮೋಟ್‌ನ ಒಳಗೇ ಸೆನ್ಸರ್ ಇರುವ ಒಲೆಗಳೂ ಇವೆ. ಅಲ್ಲಿ ರಿಮೋಟ್ ಎಲ್ಲಿ ಬಿದ್ದಿದೆಯೋ ಅಲ್ಲಿನ ಬಿಸಿಯೇ ಲೆಕ್ಕ. ಮಕ್ಕಳು ಅದನ್ನು ದಿಂಬಿನ ಕೆಳಗೆ ತುರುಕಿದರೆ ಇಡೀ ಮನೆ ತಣ್ಣಗಾಗುತ್ತದೆ. ಕಿಟಕಿಯ ಕಟ್ಟೆಯ ಮೇಲೆ ಬಿಟ್ಟರೆ ಒಲೆ ನಿಲ್ಲದೆ ಉರಿಯುತ್ತದೆ. ಅದಕ್ಕೊಂದು ಜಾಗ ಗೊತ್ತು ಮಾಡಿ, ಅಲ್ಲೇ ಇಡುವ ಅಭ್ಯಾಸ ಮನೆಯವರಿಗೆಲ್ಲ ಆಗಲಿ. ಚಳಿ ಶುರುವಾಗುವ ಮೊದಲು ಬ್ಯಾಟರಿ ಬದಲಾಯಿಸಿ.

ಮನೆಯಲ್ಲಿ ಇನ್ನೊಂದು ಥರ್ಮೋಸ್ಟಾಟ್ ಇದ್ದರೆ

ಇದು ನಿಜವಾಗಿಯೂ ಎಚ್ಚರ ವಹಿಸಬೇಕಾದ ವಿಷಯ. ಎಷ್ಟೋ ಮನೆಗಳಲ್ಲಿ ಪೆಲೆಟ್ ಸ್ಟವ್ ಜೊತೆಗೆ ಇಡೀ ಮನೆಗೆ ಒಂದು ಸೆಂಟ್ರಲ್ ಹೀಟಿಂಗ್ ಇರುತ್ತದೆ. ಅದರ ಥರ್ಮೋಸ್ಟಾಟ್ ಕೂಡ ಹಾಲ್‌ನಲ್ಲೇ ಇದ್ದರೆ ಏನಾಗುತ್ತದೆ? ಪೆಲೆಟ್ ಸ್ಟವ್ ಹಾಲ್ ಅನ್ನು ಬೆಚ್ಚಗಿಡುತ್ತದೆ. ಸೆಂಟ್ರಲ್ ಥರ್ಮೋಸ್ಟಾಟ್ ಮನೆಯೆಲ್ಲ ಬೆಚ್ಚಗಿದೆ ಅಂದುಕೊಂಡು ಹೀಟಿಂಗ್ ಶುರು ಮಾಡುವುದೇ ಇಲ್ಲ. ಅತ್ತ ಹಿಂದಿನ ಬಚ್ಚಲುಮನೆ, ನೆಲಮಾಳಿಗೆ ತಣ್ಣಗಾಗುತ್ತಾ ಹೋಗುತ್ತವೆ. ಹೊರಗೆ ಸೊನ್ನೆಗಿಂತ ತುಂಬಾ ಕೆಳಗಿದ್ದರೆ ಅಲ್ಲಿನ ನೀರಿನ ಪೈಪು ಹೆಪ್ಪುಗಟ್ಟಿ ಒಡೆಯಬಹುದು. ಹಾಲ್‌ನಲ್ಲಿ ಕೂತವರಿಗೆ ಇದರ ಸುಳಿವೇ ಸಿಗುವುದಿಲ್ಲ.

ಹಾಗಾಗಿ ದೂರದ ರೂಮಿನಲ್ಲಿ, ಪೈಪುಗಳು ಹಾದುಹೋಗುವ ಕಡೆ, ಒಂದು ಸಾದಾ ಥರ್ಮಾಮೀಟರ್ ಇಟ್ಟು ದಿನಾ ನೋಡಿ. ತೀರಾ ಇಳಿಯುತ್ತಿದ್ದರೆ ಪೆಲೆಟ್ ಸ್ಟವ್ ಅನ್ನು ಸ್ವಲ್ಪ ಹೊತ್ತು ಇಳಿಸಿ ಸೆಂಟ್ರಲ್ ಹೀಟಿಂಗ್ ನಡೆಯಲು ಬಿಡಿ. ರೂಮುಗಳ ಬಾಗಿಲು ತೆರೆದಿಡಿ. ಬಿಸಿ ಹರಡಲು ಸಣ್ಣ ಫ್ಯಾನ್ ಇಡುವುದಾದರೆ ತಣ್ಣನೆಯ ರೂಮಿನ ಬಾಗಿಲಲ್ಲಿ ನೆಲದ ಮೇಲೆ, ಒಲೆಯ ಕಡೆಗೆ ಮುಖ ಮಾಡಿ ಇಡಿ. ಕೆಳಗಿನ ತಣ್ಣನೆ ಗಾಳಿ ಒಲೆಯತ್ತ ಹೋಗುತ್ತದೆ, ಮೇಲಿನ ಬಿಸಿಗಾಳಿ ಆ ರೂಮಿಗೆ ಬರುತ್ತದೆ. ಉಲ್ಟಾ ಅನಿಸಬಹುದು, ಆದರೆ ಬಿಸಿಗಾಳಿಯನ್ನು ತಳ್ಳುವುದಕ್ಕಿಂತ ಇದು ಚೆನ್ನಾಗಿ ಕೆಲಸ ಮಾಡುತ್ತದೆ.

ವೈರಿಂಗ್

ಪೆಲೆಟ್ ಸ್ಟವ್‌ಗೆ ಹಾಕುವ ಥರ್ಮೋಸ್ಟಾಟ್ ಕಡಿಮೆ ವೋಲ್ಟೇಜ್‌ನದು, ಸಾಮಾನ್ಯವಾಗಿ ಎರಡೇ ವೈರ್. ಗೋಡೆಯ ಕರೆಂಟ್‌ನಲ್ಲಿ, ಅಂದರೆ 120 ಅಥವಾ 230 ವೋಲ್ಟ್‌ನಲ್ಲಿ, ನಡೆಯುವ ಥರ್ಮೋಸ್ಟಾಟ್ ಅನ್ನು ಆ ತುದಿಗಳಿಗೆ ಯಾವತ್ತೂ ಜೋಡಿಸಬೇಡಿ. ಒಲೆಯ ಬೋರ್ಡ್ ಸುಟ್ಟುಹೋಗುತ್ತದೆ, ಕರೆಂಟ್ ಹೊಡೆಯುವ ಅಪಾಯವೂ ಇದೆ. ಅಂಗಡಿಯಲ್ಲಿ ಸಿಗುವ ಸ್ಮಾರ್ಟ್ ಥರ್ಮೋಸ್ಟಾಟ್‌ಗಳಲ್ಲಿ ಬಹಳಷ್ಟಕ್ಕೆ ಸಿ ವೈರ್ (ಥರ್ಮೋಸ್ಟಾಟ್‌ಗೆ ಸದಾ ಕರೆಂಟ್ ಸಿಗಲು ಬೇಕಾದ ಇನ್ನೊಂದು ವೈರ್) ಮೂಲಕ 24 ವೋಲ್ಟ್ ಬೇಕು. ಎಷ್ಟೋ ಪೆಲೆಟ್ ಸ್ಟವ್‌ಗಳು ಅದನ್ನು ಕೊಡುವುದಿಲ್ಲ. ಬೇಕೇ ಬೇಕು ಅಂದರೆ ಬೇರೆ ಟ್ರಾನ್ಸ್‌ಫಾರ್ಮರ್, ರಿಲೇ ಅನ್ನುವ ಸ್ವಿಚ್ ಹಾಕಿಸಬೇಕು. ಅಷ್ಟೆಲ್ಲ ತಾಪತ್ರಯಕ್ಕಿಂತ ಬ್ಯಾಟರಿಯಲ್ಲಿ ನಡೆಯುವ ಸಾದಾ ಪ್ರೋಗ್ರಾಮಬಲ್ ಥರ್ಮೋಸ್ಟಾಟ್ ಸಾಕು, ಅಲ್ವಾ? ಕೆಲವು ಒಲೆಗಳ ಹಿಂಭಾಗದಲ್ಲಿ ಥರ್ಮೋಸ್ಟಾಟ್‌ನ ಎರಡು ತುದಿಗಳನ್ನು ಸೇರಿಸಿ ಒಂದು ತುಂಡು ವೈರ್ ಹಾಕಿರುತ್ತಾರೆ. ಅದನ್ನು ತೆಗೆಯದಿದ್ದರೆ ಒಲೆಗೆ ಯಾವಾಗಲೂ "ಬೇಕು, ಬೇಕು" ಅಂತಲೇ ಕೇಳಿಸುತ್ತದೆ. ಒಲೆ ತಣ್ಣಗಿರಲಿ, ಪ್ಲಗ್ ತೆಗೆದಿರಲಿ, ಆಮೇಲೆ ಕೈ ಹಾಕಿ. ಬಾಡಿಗೆ ಮನೆಯಾದರೆ ಮೊದಲು ಮಾಲೀಕರನ್ನು ಕೇಳಿ. ಮ್ಯಾನುಯಲ್ ಇಲ್ಲದಿದ್ದರೆ ಒಲೆಯ ಮೇಲಿನ ಮಾಡೆಲ್ ನಂಬರ್ ನೋಡಿ ಹುಡುಕಿ.

ರಾತ್ರಿ 2 ಅಥವಾ 3 ಡಿಗ್ರಿ ಇಳಿಸಿದರೆ ಸಾಕು. ಪೆಲೆಟ್ ಸ್ಟವ್ ನಿಧಾನ, ಪೂರ್ತಿ ತಣ್ಣಗಾದ ಮನೆಯನ್ನು ಮೇಲೆತ್ತಲು ಅದಕ್ಕೆ ತುಂಬಾ ಹೊತ್ತು ಬೇಕು. ಏಳುವ ಹೊತ್ತಿಗೆ ಬೆಚ್ಚಗಿರಬೇಕಾದರೆ ಒಂದು ಗಂಟೆ ಮುಂಚೆಯೇ ಏರುವ ಹಾಗೆ ಟೈಮ್ ಇಡಿ.

ತಾನೇ ಹೊತ್ತಿಕೊಳ್ಳುವ ಒಲೆ ಕೊಳಕಾಗಿರಬಾರದು

ಆನ್-ಆಫ್‌ನಲ್ಲಿ ಇಟ್ಟ ಒಲೆ ನೀವು ಮಲಗಿದ್ದಾಗಲೂ ಹೊತ್ತಿಕೊಳ್ಳುತ್ತದೆ. ಹಾಗಾಗಿ ಬರ್ನ್ ಪಾಟ್ ಚೊಕ್ಕಟವಾಗಿರಲೇಬೇಕು. ಅದರ ತೂತುಗಳಲ್ಲಿ ಬೂದಿ ಗಟ್ಟಿಯಾಗಿ ಕೂತರೆ ಗಾಳಿ ಬರುವುದಿಲ್ಲ. ಪೆಲೆಟ್ ಬೀಳುತ್ತಲೇ ಇರುತ್ತದೆ, ಬೆಂಕಿ ಹತ್ತುವುದಿಲ್ಲ, ಹೊಗೆ ತುಂಬುತ್ತದೆ. ಆ ಹೊಗೆಗೆ ಒಮ್ಮೆಲೇ ಬೆಂಕಿ ತಗುಲಿದರೆ ಧಡ್ ಅಂತ ಸಿಡಿಯುತ್ತದೆ. ದಿನಕ್ಕೊಂದು ಸಲ, ಒಲೆ ತಣ್ಣಗಿದ್ದಾಗ, ಬಟ್ಟಲನ್ನು ಕೆರೆದು ತೆಗೆಯಿರಿ. ಹೈ-ಲೋನಲ್ಲಿ ಇಟ್ಟಿದ್ದರೂ ಇದಕ್ಕಾಗಿ ಒಲೆ ಆರಿಸಿ. ಹತ್ತದೆ ಉಳಿದ ಪೆಲೆಟ್ ಕಂಡರೆ ಅದನ್ನು ಹಾಪರ್‌ಗೆ ವಾಪಸ್ ಹಾಕಬೇಡಿ, ಒಳಗೆ ಕಿಡಿ ಇರಬಹುದು. ಬೂದಿಯಲ್ಲಿ ಕೆಂಡ ದಿನಗಟ್ಟಲೆ ಉಳಿಯುತ್ತದೆ. ಮುಚ್ಚಳ ಇರುವ ಲೋಹದ ಡಬ್ಬಿಗೆ ಹಾಕಿ, ಮನೆಯಿಂದ ದೂರ, ಮರದ ಹಲಗೆ ಇಲ್ಲದ ಕಡೆ ಇಡಿ. ಮನೆಯ ಮಾಮೂಲಿ ವ್ಯಾಕ್ಯೂಮ್ ಕ್ಲೀನರ್‌ನಿಂದ ಬಿಸಿ ಬೂದಿ ಎಳೆಯುವುದು ಬೇಡವೇ ಬೇಡ.

ಒಲೆ ಆರಿಸಲು ಪ್ಲಗ್ ಕೀಳಬೇಡಿ. ಆನ್-ಆಫ್‌ನಲ್ಲಿದ್ದರೆ ಥರ್ಮೋಸ್ಟಾಟ್ ಇಳಿಸಿ, ಹೈ-ಲೋನಲ್ಲಿದ್ದರೆ ಪ್ಯಾನೆಲ್‌ನಲ್ಲಿ ಆಫ್ ಒತ್ತಿ, ಅದು ತಾನಾಗಿ ತಣ್ಣಗಾಗಲಿ. ಉರಿಯುವಾಗ ಕರೆಂಟ್ ಹೋದರೆ ಹೊಗೆ ಎಳೆಯುವ ಫ್ಯಾನ್ ನಿಲ್ಲುತ್ತದೆ, ಸ್ವಲ್ಪ ಹೊಗೆ ರೂಮಿಗೆ ಬರಬಹುದು. ಆಗ ಒಲೆಯ ಬಾಗಿಲು ತೆಗೆಯಬೇಡಿ, ಕಿಟಕಿ ತೆಗೆಯಿರಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಾನಿಲಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಅದಕ್ಕಾಗಿ ಬರುವ ಅಲಾರಂ ಒಂದು ಒಲೆ ಇರುವ ಮಹಡಿಯಲ್ಲಿ, ಇನ್ನೊಂದು ಮಲಗುವ ಕೋಣೆಗಳ ಹತ್ತಿರ ಇರಲಿ. ಅದು ಕೂಗಿದರೆ ಕಾರಣ ಹುಡುಕುತ್ತಾ ನಿಲ್ಲಬೇಡಿ. ಮಕ್ಕಳನ್ನು ಕರೆದುಕೊಂಡು ಹೊರಗೆ ಬನ್ನಿ, ಅಲ್ಲಿಂದಲೇ ತುರ್ತು ನಂಬರ್‌ಗೆ ಫೋನ್ ಮಾಡಿ.