ಮಳೆ ಜೋರಾದಾಗ ಹಳೆಯ ಭಯ ಮರುಕಳಿಸಿದರೆ

2018ರ ಆಗಸ್ಟಿನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದದ್ದನ್ನು ಕಣ್ಣಾರೆ ಕಂಡವರಿಗೆ ಕಕ್ಕಡದ (ಜುಲೈ–ಆಗಸ್ಟ್ ನಡುವಿನ ಕೊಡವ ತಿಂಗಳು) ಮಳೆ ತಗಡಿನ ಮೇಲೆ ಬಡಿದಾಗ ಈಗಲೂ ಎದೆ ಹೊಡೆದುಕೊಳ್ಳಬಹುದು, ಕೈ ಬೆವರಬಹುದು. ಇದು ಪುಕ್ಕಲುತನವಲ್ಲ. ಮೆದುಳಿನಲ್ಲಿ ಅಪಾಯವನ್ನು ಗುರುತಿಸುವ ಅಮಿಗ್ಡಲಾ ಯೋಚನೆಗೂ ಮೊದಲೇ ಮೈಯನ್ನು ಎಬ್ಬಿಸುತ್ತದೆ. ಘಟನೆಗೆ ಜಾಗ, ಕಾಲಗಳನ್ನು ಜೋಡಿಸಿಡುವುದು ಹಿಪೊಕ್ಯಾಂಪಸ್. ವಿಪರೀತ ಒತ್ತಡದಲ್ಲಿ ಅದರ ಕೆಲಸ ಕೆಡುತ್ತದೆ. ಆಗ ನಡೆದದ್ದು ಈಗಲೇ ನಡೆಯುತ್ತಿದೆ ಅನ್ನಿಸುವುದು ಅದಕ್ಕೇ.

ಕೊಡಗಿನಲ್ಲಿ ಭಯ ಸುಳ್ಳೇ ಆಗಿರಬೇಕೆಂದಿಲ್ಲ. ಆದ್ದರಿಂದ ಮೊದಲು ಹೊರಗಿನ ಸ್ಥಿತಿ ತಿಳಿದುಕೊಳ್ಳಿ: ಗುಡ್ಡದ ಬರೆಯಲ್ಲಿ (ಕಡಿದಾದ ಮಣ್ಣಿನ ಬದಿಯಲ್ಲಿ) ಹೊಸ ಬಿರುಕು, ವಾಲಿದ ಮರ, ಇದ್ದಕ್ಕಿದ್ದಂತೆ ಕೆಸರಾಗಿ ಉಕ್ಕುವ ನೀರು, ಜಾಗ ಬಿಡಿ ಎಂಬ ಜಿಲ್ಲಾಡಳಿತದ ಸೂಚನೆ. ಇವುಗಳಲ್ಲಿ ಒಂದಿದ್ದರೂ ಉಸಿರಾಟದ ಅಭ್ಯಾಸ ಆಮೇಲೆ, ಮೊದಲು ಮನೆಯಿಂದ ಹೊರಡಿ.

ಅಪಾಯವಿಲ್ಲವೆಂದು ಖಚಿತವಾದರೆ ಪಾದಗಳನ್ನು ನೆಲಕ್ಕೂರಿ ಕುಳಿತುಕೊಳ್ಳಿ. ಮೂಗಿನಿಂದ 4 ಸೆಕೆಂಡು ಉಸಿರೆಳೆದು 6 ಸೆಕೆಂಡು ಬಿಡಿ. 5 ನಿಮಿಷ ಸಾಕು. ಜೋರಾಗಿ ಎಳೆದರೆ ತಲೆಸುತ್ತು ಬಂದು ಗಾಬರಿ ಹೆಚ್ಚುತ್ತದೆ. ಕಣ್ಣು ಮುಚ್ಚಿದಾಗ ಹಳೆಯ ದೃಶ್ಯ ಎದ್ದು ಬರುವವರು ಕಣ್ಣು ತೆರೆದೇ ಇರಲಿ. ಬಳಿಕ ಬಾಯಿ ಬಿಟ್ಟು ಹೇಳಿ: “ನನಗೆ ಭಯವಾಗುತ್ತಿದೆ. ಅದು 2018. ಈಗ ಇಂಥ ವರ್ಷ, ನಾನು ಅಡುಗೆಮನೆಯಲ್ಲಿದ್ದೇನೆ.” ಭಾವನೆಗೆ ಹೆಸರಿಟ್ಟಾಗ ಅಮಿಗ್ಡಲಾದ ಚಟುವಟಿಕೆ ಇಳಿದು, ಹಣೆಯ ಹಿಂದಿನ ಮುಂಮೆದುಳು ಹೆಚ್ಚು ಕೆಲಸ ಮಾಡುವುದು ಮೆದುಳಿನ ಸ್ಕ್ಯಾನ್‌ಗಳಲ್ಲಿ ಕಂಡಿದೆ. ಹೇಳುತ್ತಾ ಗೋಡೆ, ಮೇಜು ಮುಟ್ಟಿ ನೋಡಿ.

ನೆನಪನ್ನು ಅದುಮಲು ಹೋದಷ್ಟೂ ಅದು ಮೇಲೇಳುತ್ತದೆ. ಬರೆಯಬಹುದು, ಆದರೆ ಹಗಲಿನಲ್ಲಿ, ಮನೆಯಲ್ಲಿ ಯಾರಾದರೂ ಇರುವಾಗ, 15–20 ನಿಮಿಷ ಮಾತ್ರ. ಬರೆಯುತ್ತಾ ಮೈ ಮರಗಟ್ಟಿದರೆ ಅಲ್ಲಿಗೇ ನಿಲ್ಲಿಸಿ. ಮನೆಯವರಿಗೆ ಒಂದು ಮಾತು: “ಅವತ್ತು ಏನಾಯ್ತು, ಎಲ್ಲ ಹೇಳು” ಎಂದು ಒತ್ತಾಯಿಸಬೇಡಿ, ಅದರಿಂದ ನೋವು ಹೆಚ್ಚಬಹುದು. ಪಕ್ಕದಲ್ಲಿ ಕುಳಿತರೂ ದೊಡ್ಡ ಸಹಾಯ. ನಿದ್ದೆಗೆಂದು ಕುಡಿಯುವುದು ಬೇಡ. ಬೇಗ ಕಣ್ಣು ಹತ್ತಿದರೂ ನಡುರಾತ್ರಿ ಎಚ್ಚರವಾಗುತ್ತದೆ.

ಘಟನೆಯ ಬಳಿಕ ಒಂದು ತಿಂಗಳು ಕಳೆದರೂ ಕೆಟ್ಟ ಕನಸು, ಬೆಚ್ಚಿಬೀಳುವುದು, ತೋಟದ ದಾರಿಯನ್ನೇ ತಪ್ಪಿಸುವುದು ನಿಲ್ಲದಿದ್ದರೆ ಮನೋವೈದ್ಯರನ್ನು ಕಾಣಿ. ಸಾಯಬೇಕೆಂಬ ಯೋಚನೆ ಬಂದರೆ ಒಂದು ದಿನವೂ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಉಚಿತ, ಕನ್ನಡದಲ್ಲೇ ಮಾತಾಡಬಹುದು.