ಮದ್ದಿಗೆ ಬಗ್ಗದ ಫಂಗಸ್ ಹುಣ್ಣು: ಕಾರ್ನಿಯಾ ಬದಲಿಸುವಾಗ ನಾನು ಅನುಸರಿಸುವ ಕ್ರಮ

ಫಂಗಸ್ ವಿರುದ್ಧದ ನಾಟಮೈಸಿನ್ 5% ಹನಿಯನ್ನು ಗಂಟೆಗೊಮ್ಮೆ ಹಾಕಿದರೂ ಕಾರ್ನಿಯಾದ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಹುಣ್ಣು ಹಿಂಜರಿಯದಿದ್ದರೆ ಮೊದಲು ನೋಡಬೇಕಾದ್ದು ಆಳ. ಈ ಔಷಧ ಕಾರ್ನಿಯಾದ ದಪ್ಪ ನಡುಪದರವಾದ ಸ್ಟ್ರೋಮಾದೊಳಗೆ ಹೆಚ್ಚು ಇಳಿಯುವುದಿಲ್ಲ. ಫಂಗಸ್ ಎಳೆಗಳಿಗೆ ಆ ತೊಂದರೆಯಿಲ್ಲ. ಸ್ಟ್ರೋಮಾದ ಹಿಂದಿನ ಡೆಸೆಮೆಟ್ ಪೊರೆಯನ್ನೂ ದಾಟಿ ಆ್ಯಂಟೀರಿಯರ್ ಚೇಂಬರ್ (ಕಾರ್ನಿಯಾ ಮತ್ತು ಐರಿಸ್ ನಡುವಿನ ದ್ರವ ತುಂಬಿದ ಜಾಗ) ಸೇರುತ್ತವೆ. ಹಾಗೆಂದು ನಾಟಮೈಸಿನ್ ಬಿಟ್ಟು ಇನ್ನೊಂದು ಆ್ಯಂಟಿಫಂಗಲ್ ಆದ ವೊರಿಕೊನಜೋಲ್ ಹನಿಗೆ ಜಿಗಿಯುವುದಿಲ್ಲ. ಈ ಎರಡು ಹನಿಗಳನ್ನು ಹೋಲಿಸಿದ 2013ರ ಮಟ್ (ಎಂಯುಟಿಟಿ) ಪ್ರಯೋಗದಲ್ಲಿ, ಅದರಲ್ಲೂ ಫ್ಯುಸೇರಿಯಂ ಎಂಬ ಫಂಗಸ್‌ನ ಹುಣ್ಣುಗಳಲ್ಲಿ, ಮೇಲುಗೈ ನಾಟಮೈಸಿನ್‌ನದೇ.

ಆಳದ ಹುಣ್ಣು ತೆಳುವಾಗಿಲ್ಲದಿದ್ದರೆ ಸ್ಟ್ರೋಮಾಕ್ಕೇ ವೊರಿಕೊನಜೋಲ್ ಚುಚ್ಚುತ್ತೇನೆ. 200 ಮಿ.ಗ್ರಾಂ ವೈಲ್‌ಗೆ 19 ಮಿ.ಲೀ. ಸ್ಟೆರೈಲ್ ನೀರು ಹಾಕಿದರೆ ಮಿ.ಲೀ.ಗೆ 10 ಮಿ.ಗ್ರಾಂ. ಅದರಲ್ಲಿ 1 ಮಿ.ಲೀ. ತೆಗೆದು ರಿಂಗರ್ ಲ್ಯಾಕ್ಟೇಟ್ ಸೇರಿಸಿ 20 ಮಿ.ಲೀ. ಮಾಡಿದರೆ 0.1 ಮಿ.ಲೀ.ನಲ್ಲಿ 50 ಮೈಕ್ರೊಗ್ರಾಂ. 30 ಗೇಜ್ ಸೂಜಿಯನ್ನು ಸ್ವಚ್ಛ ಕಾರ್ನಿಯಾದ ಕಡೆಯಿಂದ ಓರೆಯಾಗಿ ನುಗ್ಗಿಸಿ, ಹುಣ್ಣಿನ ಸುತ್ತ ಐದು ಕಡೆ ಚುಚ್ಚಿದರೆ ಬಿಳಿ ಬೇಲಿ ಕಟ್ಟಿದಂತೆ ಕಾಣಬೇಕು. ತೆಳುವಾದ ಜಾಗಕ್ಕೆ ಸೂಜಿ ಬೇಡ, ತೂತಾಗುತ್ತದೆ.

ಇದಕ್ಕೂ ಬಗ್ಗದೆ ಹುಣ್ಣು ಲಿಂಬಸ್‌ನತ್ತ (ಕಾರ್ನಿಯಾ ಬಿಳಿಗುಡ್ಡೆಗೆ ಸೇರುವ ಅಂಚು) ಹರಡುತ್ತಿದ್ದರೆ ಕಾರ್ನಿಯಾ ಬದಲಿಸಲು ಕಾಯಬಾರದು. ಅಂಚು ಲಿಂಬಸ್ ಮುಟ್ಟಿದ ಮೇಲೆ ಕತ್ತರಿಸಲು ಸ್ವಚ್ಛ ಜಾಗವೇ ಉಳಿಯುವುದಿಲ್ಲ. ಗ್ರಾಫ್ಟ್ (ದಾನಿಯ ಕಾರ್ನಿಯಾ ತುಂಡು) ದೊಡ್ಡದಾದಷ್ಟೂ ರಿಜೆಕ್ಷನ್ (ದೇಹ ಅದನ್ನು ತಿರಸ್ಕರಿಸುವುದು), ಗ್ಲಾಕೋಮಾ ಎರಡೂ ಹತ್ತಿರ. ನೋಟಕ್ಕಿಂತ ಮೊದಲು ಕಣ್ಣು ಉಳಿಸುವ ಶಸ್ತ್ರಚಿಕಿತ್ಸೆ ಇದು ಎಂದು ರೋಗಿಗೆ ಮುಂಚೆಯೇ ಹೇಳಿಬಿಡುತ್ತೇನೆ.

ಉರಿಯೂತದ ಕಣ್ಣು ತೆರೆದ ಕೂಡಲೇ ಒಳಗಿನದೆಲ್ಲ ಮೇಲೆ ಉಬ್ಬುತ್ತದೆ. ಮೂತ್ರಪಿಂಡ, ಹೃದಯ ಸರಿಯಿದ್ದರೆ ಕಣ್ಣಿನ ಒತ್ತಡ ಇಳಿಸಲು ಮುಂಚೆಯೇ ಮ್ಯಾನಿಟಾಲ್ ಕೊಡಿಸುತ್ತೇನೆ. ಸಾಧ್ಯವಾದರೆ ಜನರಲ್ ಅನಸ್ತೇಶಿಯಾ. ಹುಣ್ಣಿನ ಕಣ್ಣಿಗೆ ಕಾಣುವ ಅಂಚಿನಿಂದ ಸುತ್ತಲೂ ಕನಿಷ್ಠ 1 ಮಿ.ಮೀ. ಸ್ವಚ್ಛ ಕಾರ್ನಿಯಾ ಸೇರಿಸಿ ಟ್ರೆಫೈನ್ (ದುಂಡಗೆ ಕತ್ತರಿಸುವ ಬ್ಲೇಡ್) ಅಳತೆ ಹಿಡಿಯುತ್ತೇನೆ. ಇಲ್ಲಿ ಜಿಪುಣತನ ಮಾಡಿದರೆ ಸೋಂಕು ಹೊಲಿಗೆಯ ಗೆರೆಯಲ್ಲೇ ಮರಳುತ್ತದೆ. ಮೊದಲೇ ತೂತಾಗಿದ್ದರೆ ಸಯನೋಆಕ್ರಿಲೇಟ್ ಅಂಟಿನಿಂದ ಮುಚ್ಚಿಕೊಳ್ಳುತ್ತೇನೆ. ಇಲ್ಲದಿದ್ದರೆ ಟ್ರೆಫೈನ್ ಒತ್ತಿದಾಗ ಐರಿಸ್ ಹೊರಬರುತ್ತದೆ. ಟ್ರೆಫೈನ್‌ನಿಂದ ಅರ್ಧ ಆಳಕ್ಕಷ್ಟೇ ಗೆರೆ. ಉಳಿದದ್ದು ಬ್ಲೇಡ್ ಮತ್ತು ಕತ್ತರಿಯಿಂದ, ನಿಧಾನವಾಗಿ.

ಐರಿಸ್ ಮೇಲಿನ ಪೊರೆಯನ್ನು ಮೆಲ್ಲಗೆ ಸುಲಿದು, ಚೇಂಬರ್ ಚೆನ್ನಾಗಿ ತೊಳೆದು, ಪೆರಿಫೆರಲ್ ಇರಿಡೆಕ್ಟಮಿ (ಐರಿಸ್ ಅಂಚಿನಲ್ಲಿ ಸಣ್ಣ ಕಿಂಡಿ) ಮಾಡುತ್ತೇನೆ. ಪಾಪೆ ಅಂಟಿಕೊಂಡರೂ ಕಣ್ಣೊಳಗಿನ ನೀರಿಗೆ ದಾರಿ ಬೇಕಲ್ಲ. ಲೆನ್ಸ್ ಮಾತ್ರ ಮುಟ್ಟುವುದಿಲ್ಲ: ಅದಕ್ಕೆ ಕ್ಯಾಟರಾಕ್ಟ್ ಬಂದಿದ್ದರೂ ಸರಿ, ಸೋಂಕು ಹಿಂದಕ್ಕೆ ಹೋಗದಂತೆ ತಡೆಯುವ ಗೋಡೆ ಅದೇ. ತೆಗೆದ ತುಂಡಿನ ಅರ್ಧ ಮೈಕ್ರೊಬಯಾಲಜಿಗೆ, ಅರ್ಧ ಪ್ಯಾಥಾಲಜಿಗೆ. ಇಷ್ಟಾದ ಮೇಲೆ ಗ್ಲೌಸ್, ಉಪಕರಣ ಎಲ್ಲ ಬದಲು.

ದಾನಿಯ ತುಂಡು 0.5 ಮಿ.ಮೀ. ದೊಡ್ಡದು; 10-0 ನೈಲಾನ್‌ನಲ್ಲಿ ಕನಿಷ್ಠ 16 ಬಿಡಿ ಹೊಲಿಗೆ. ಓಡುಹೊಲಿಗೆ ಇಲ್ಲಿಗಲ್ಲ: ಒಂದು ಕಡೆ ಅಂಗಾಂಶ ಕರಗಿದರೆ ಇಡೀ ಸಾಲು ಸಡಿಲವಾಗುತ್ತದೆ.

ಮರುದಿನದಿಂದಲೂ ಆ್ಯಂಟಿಫಂಗಲ್ ಹನಿ ಮುಂದುವರಿಯುತ್ತದೆ. ಸ್ಟೆರಾಯ್ಡ್ ಕನಿಷ್ಠ ಎರಡು ವಾರ ಇಲ್ಲ. ಸಾಮಾನ್ಯ ಗ್ರಾಫ್ಟ್‌ಗೆ ರೂಢಿಯಾದ ಕೈ ಮರೆತು ಬರೆದುಬಿಡುವುದು ಇದನ್ನೇ, ಹಾಗಾಗಿ ಕೇಸ್ ಶೀಟ್ ಮೇಲೆ ಕೆಂಪು ಶಾಯಿಯಲ್ಲಿ ಬರೆಸುತ್ತೇನೆ. ಪ್ಯಾಥಾಲಜಿ ವರದಿಯಲ್ಲಿ ಕತ್ತರಿಸಿದ ಅಂಚಿನಲ್ಲೂ ಎಳೆ ಕಂಡರೆ ಸ್ಟೆರಾಯ್ಡ್ ಇನ್ನೂ ಮುಂದಕ್ಕೆ. ಹೊಲಿಗೆಯ ಸುತ್ತ ಹೊಸ ಬಿಳಿ ಚುಕ್ಕೆ ಹುಡುಕುತ್ತಾ ದಿನವೂ ಸ್ಲಿಟ್ ಲ್ಯಾಂಪ್.