ಯುದ್ಧದಾಟದ ಬೊಂಬೆಗೆ ಬಣ್ಣದ ವೇಷ ಕಟ್ಟುವ ಕ್ರಮ

ವಾರ್‌ಹ್ಯಾಮರ್‌ನಂತಹ ಕಾಲ್ಪನಿಕ ಯುದ್ಧದಾಟಗಳ ಬೊಂಬೆಗಳು ಹೆಚ್ಚಾಗಿ 28ರಿಂದ 32 ಮಿಲಿಮೀಟರ್ ಅಳತೆಯವು; ನೆಟ್ಟಗೆ ನಿಂತ ಸಾಮಾನ್ಯ ಸೈನಿಕನೊಬ್ಬ ಸರಿಸುಮಾರು ಅಷ್ಟೇ ಎತ್ತರವಿರುತ್ತಾನೆ. ಪೆಟ್ಟಿಗೆಯಲ್ಲಿ ಬಂದ ಭಾಗಗಳನ್ನು ಬಂದಂತೆಯೇ ಅಂಟಿಸದೆ, ತಲೆ, ಕೈ, ಆಯುಧಗಳನ್ನು ಬದಲಿಸಿ ಬೇರೆಯೇ ಪಾತ್ರವನ್ನು ರೂಪಿಸುವುದಕ್ಕೆ ಹವ್ಯಾಸಿಗಳು ಕನ್ವರ್ಷನ್ ಎನ್ನುತ್ತಾರೆ. ಆಟದ ಮೇಜಿನ ಮೇಲೆ ಬೊಂಬೆಯನ್ನು ನೋಡುವವನು ಮೂರಡಿ ದೂರದಲ್ಲಿರುತ್ತಾನೆ. ಆದ್ದರಿಂದ ಮೊದಲು ಹೊರರೇಖೆ, ಆಮೇಲೆ ಬಣ್ಣಗಳ ನಡುವಿನ ಕಪ್ಪು-ಬಿಳುಪಿನ ಅಂತರ, ಕೊನೆಗೆ ಸೂಕ್ಷ್ಮ ಕೆಲಸ ಎಂಬ ಕ್ರಮವನ್ನು ಪಾಲಿಸಬೇಕು. ದೊಂದಿಯ ಬೆಳಕಿನಲ್ಲಿ ಗದ್ದೆಯ ಕೊನೆಯ ಸಾಲಿಗೂ ಕಾಣಬೇಕಾಗಿದ್ದ ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ಬಣ್ಣದ ವೇಷ (ರಾಕ್ಷಸ ಪಾತ್ರಗಳ ವೇಷ) ಕಟ್ಟಿಕೊಂಡದ್ದೂ ಇದೇ ಕ್ರಮದಲ್ಲಿ. ಓಗರ್ ಎಂಬ ದಪ್ಪ ಮೈಯ ದೈತ್ಯನ ಬೊಂಬೆಯೊಂದನ್ನು ಯಕ್ಷಗಾನದ ರಾಕ್ಷಸನನ್ನಾಗಿ ಮಾಡುವ ವಿಧಾನವನ್ನು ಇಲ್ಲಿ ವಿವರಿಸಿದ್ದೇನೆ.

ಓಗರ್‌ನ ಮೈಯನ್ನು ಆರಿಸಲು ಕಾರಣವಿದೆ. ಬಣ್ಣದ ವೇಷದ ಗಾತ್ರ ಒಳಗೆ ಸುತ್ತಿದ ಬಟ್ಟೆಗಳಿಂದ, ಭುಜಕೀರ್ತಿ ಮತ್ತು ಎದೆಕಟ್ಟಿನ ಅಗಲದಿಂದ ಬರುತ್ತದೆ. ತೆಳ್ಳಗಿನ ಮನುಷ್ಯನ ಬೊಂಬೆಗೆ ಅಷ್ಟನ್ನೂ ಹೇರಿದರೆ ಆಭರಣ ಮಾತ್ರ ಕಂಡು ಪಾತ್ರ ಕಾಣೆಯಾಗುತ್ತದೆ. ಬೊಂಬೆ ನಿಲ್ಲುವ ಪೀಠದ ಅಳತೆಯನ್ನು ಬದಲಿಸಬಾರದು ಮತ್ತು ಕೈಯಲ್ಲಿರುವ ಆಯುಧ ಎದುರಾಳಿಗೆ ಸ್ಪಷ್ಟವಾಗಿ ಗುರುತು ಸಿಗಬೇಕು, ಇಲ್ಲದಿದ್ದರೆ ಆಟದ ನಡುವೆ ತಕರಾರು ಏಳುತ್ತದೆ. ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ: ರಂಗದ ರಾಕ್ಷಸನನ್ನು ಆಟಕ್ಕೆ ತರುವುದು ಬೇರೆ, ತುಳುನಾಡಿನ ಭೂತಾರಾಧನೆಯಾದ ಕೋಲದಲ್ಲಿ ಆರಾಧನೆ ಪಡೆಯುವ ದೈವದ ರೂಪವನ್ನು ದಾಳ ಉರುಳಿಸಿ ಕೊಲ್ಲುವ ಕಾಯಿಯನ್ನಾಗಿ ಮಾಡುವುದು ಬೇರೆ. ಎರಡನೆಯದನ್ನು ತುಳುನಾಡಿನಲ್ಲಿ ಯಾರೂ ಮೆಚ್ಚುವುದಿಲ್ಲ, ನಾನೂ ಮೆಚ್ಚುವುದಿಲ್ಲ.

ಭಾಗಗಳನ್ನು ಚೌಕಟ್ಟಿನಿಂದ ಕತ್ತರಿಸಿದ ಮೇಲೆ ಅಚ್ಚಿನ ಗೆರೆಗಳನ್ನು ಬ್ಲೇಡಿನ ಬೆನ್ನಿನಿಂದ ಕೆರೆದು, ನೀರಿನಲ್ಲಿ ಅದ್ದಿದ ವಾಟರ್ ಪೇಪರಿನಿಂದ ನಯ ಮಾಡಬೇಕು. ರೆಸಿನ್ (ಅಚ್ಚಿಗೆ ಸುರಿದು ಗಟ್ಟಿಮಾಡುವ ರಾಳ) ಬೊಂಬೆಯಾದರೆ ಮೊದಲು ಸೋಪು ನೀರಿನಲ್ಲಿ ತೊಳೆಯದೆ ಗತಿಯಿಲ್ಲ, ಏಕೆಂದರೆ ಅಚ್ಚಿನಿಂದ ಬಿಡಿಸಲು ಹಚ್ಚಿದ ಜಿಡ್ಡು ಉಳಿದರೆ ಬಣ್ಣ ಸಿಪ್ಪೆಯಾಗಿ ಏಳುತ್ತದೆ. ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದಾದ್ದರಿಂದ ರೆಸಿನನ್ನು ನೀರಿಲ್ಲದೆ ಒಣದಾಗಿ ಉಜ್ಜಬಾರದು. ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿಗೆ ಅದನ್ನೇ ಕರಗಿಸಿ ಬೆಸೆಯುವ ಪ್ಲಾಸ್ಟಿಕ್ ಸಿಮೆಂಟ್ ಉತ್ತಮ. ರೆಸಿನ್ ಮತ್ತು ಲೋಹಕ್ಕೆ ಫೆವಿಕ್ವಿಕ್ಕಿನಂತಹ ಸೂಪರ್ ಗ್ಲೂ ಬೇಕು. ಸೂಪರ್ ಗ್ಲೂ ಗಟ್ಟಿಯಾಗುವುದೇ ಗಾಳಿಯ ತೇವದಿಂದ. ಹಾಗಾಗಿ ಆಟಿಯ (ಜುಲೈ-ಆಗಸ್ಟ್) ಮಳೆಯಲ್ಲಿ ಅದು ಬೇಗನೆ ಹಿಡಿಯುತ್ತದೆ ಮತ್ತು ಜೋಡಣೆಯ ಸುತ್ತ ಬಿಳಿಯ ಪೊರೆ ಬಿಡುತ್ತದೆ. ಚಿಕ್ಕ ಹನಿ ಹಾಕಿ, ಫ್ಯಾನಿನ ಗಾಳಿ ಬಿಟ್ಟರೆ ಪೊರೆ ಕಡಿಮೆಯಾಗುತ್ತದೆ.

ಸೂಪರ್ ಗ್ಲೂ ಎಳೆತವನ್ನು ತಡೆಯುತ್ತದೆ, ಪೆಟ್ಟನ್ನು ತಡೆಯುವುದಿಲ್ಲ. ಎತ್ತಿದ ಕೈ, ಭಾರದ ಗದೆ ಮುಂತಾದವುಗಳಿಗೆ ಒಳಗೆ ತಂತಿ ಕೂರಿಸಬೇಕು. ಕೈಯಿಂದ ತಿರುಗಿಸುವ ಸಣ್ಣ ಡ್ರಿಲ್ಲಿನಲ್ಲಿ 1 ಮಿಲಿಮೀಟರಿನ ಮೊನೆ ಹಾಕಿ ಭುಜದ ಕಡೆ ತೂತು ಕೊರೆಯಿರಿ. ತೂತಿನ ಬಾಯಿಗೆ ಒಂದು ಚುಕ್ಕೆ ಹಸಿ ಬಣ್ಣ ಮುಟ್ಟಿಸಿ ತೋಳನ್ನು ಅದರ ಜಾಗದಲ್ಲಿ ಒತ್ತಿದರೆ, ಎದುರು ಭಾಗದಲ್ಲಿ ಎಲ್ಲಿ ಕೊರೆಯಬೇಕೆಂಬ ಗುರುತು ತಾನಾಗಿ ಬೀಳುತ್ತದೆ. ತಂತಿಗೆ ಪೇಪರ್ ಕ್ಲಿಪ್ ಸಾಕು.

ಕಿರೀಟವೇ ಈ ಬೊಂಬೆಯ ಹೊರರೇಖೆಯನ್ನು ನಿರ್ಧರಿಸುವುದರಿಂದ ಅಲ್ಲಿ ಅವಸರ ಸಲ್ಲದು. ತಲೆಯ ಹಿಂದೆ ಹರಡುವ ವೃತ್ತವನ್ನು ಹಳೆಯ ಎಟಿಎಂ ಕಾರ್ಡಿನಿಂದ ಕತ್ತರಿಸಬಹುದು. ಅದು ಮುಕ್ಕಾಲು ಮಿಲಿಮೀಟರ್ ದಪ್ಪದ ಪಿವಿಸಿ, ಸೂಪರ್ ಗ್ಲೂಗೆ ಚೆನ್ನಾಗಿ ಅಂಟುತ್ತದೆ. ಅಂಟಿಸುವ ಮೊದಲು ಮತ್ತೆ ಕಿತ್ತು ತೆಗೆಯಬಹುದಾದ ಮೆತ್ತನೆಯ ಅಂಟಾದ ಬ್ಲೂ ಟ್ಯಾಕಿನಲ್ಲಿ ತಾತ್ಕಾಲಿಕವಾಗಿ ನಿಲ್ಲಿಸಿ, ಮೊಬೈಲಿನ ಟಾರ್ಚ್ ಹಿಡಿದು ಗೋಡೆಯ ಮೇಲೆ ಬೀಳುವ ನೆರಳನ್ನು ನೋಡಿ. ನೆರಳಿನಲ್ಲಿಯೇ ರಾಕ್ಷಸ ಕಾಣದಿದ್ದರೆ ಬಣ್ಣ ಬಳಿದರೂ ಕಾಣುವುದಿಲ್ಲ. ಹೆಚ್ಚಿನ ಸಲ ವೃತ್ತವನ್ನು ಇನ್ನಷ್ಟು ದೊಡ್ಡದು ಮಾಡುವುದೇ ಪರಿಹಾರ. ಒಳಗಿನ ದಪ್ಪಕ್ಕೆ ಎಂ-ಸೀಲ್ ತುಂಬಿ ಗಟ್ಟಿಯಾಗಲು ಬಿಟ್ಟು, ಅದರ ಮೇಲೆ ಎರಡು ಪಟ್ಟಿ ಕಲಸಿ ಬಳಸುವ ಎಪಾಕ್ಸಿ ಪುಟ್ಟಿಯಾದ ಗ್ರೀನ್ ಸ್ಟಫ್‌ನ ತೆಳು ಪದರ ಹಚ್ಚಿ ಆಭರಣದ ಕೆತ್ತನೆ ಮಾಡಬೇಕು. ಎಂ-ಸೀಲ್ ಅಗ್ಗ, ಆದರೆ ತರಿತರಿಯಾಗಿರುವುದರಿಂದ ಸೂಕ್ಷ್ಮ ಗೆರೆ ನಿಲ್ಲುವುದಿಲ್ಲ. ಗ್ರೀನ್ ಸ್ಟಫ್‌ನ ಹಳದಿ ಮತ್ತು ನೀಲಿ ಪಟ್ಟಿಗಳು ಒಂದಕ್ಕೊಂದು ತಾಗಿರುವ ನಡುವಿನ ಅಂಚು ಆಗಲೇ ಗಟ್ಟಿಯಾಗಿರುತ್ತದೆ. ಅದನ್ನು ಕತ್ತರಿಸಿ ಎಸೆದು, ಸಮಪ್ರಮಾಣದಲ್ಲಿ ಬಣ್ಣ ಒಂದೇ ಹಸಿರಾಗುವವರೆಗೆ ನಾದಬೇಕು. ಉಪಕರಣವನ್ನು ನೀರಿನಲ್ಲಿ ಅದ್ದುತ್ತಿದ್ದರೆ ಅಂಟುವುದಿಲ್ಲ. ನಮ್ಮ ಏಪ್ರಿಲ್ ಸೆಕೆಗೆ ಇದು ಬೇಗ ಬಿಗಿಯುವುದರಿಂದ ಸ್ವಲ್ಪಸ್ವಲ್ಪವೇ ಕಲಸಿಕೊಳ್ಳುವುದು ಒಳ್ಳೆಯದು.

ಬಣ್ಣ ಹಿಡಿಯಲೆಂದು ಮೊದಲು ಹಚ್ಚುವ ಪ್ರೈಮರ್ ವಿಷಯದಲ್ಲಿ ಕರಾವಳಿಯವರು ವಿದೇಶದ ವಿಡಿಯೊಗಳನ್ನು ನಂಬಬಾರದು. ಸ್ಪ್ರೇ ಡಬ್ಬಿಯ ದ್ರಾವಕ ಆವಿಯಾಗುವಾಗ ಮೇಲ್ಮೈ ತಂಪಾಗಿ, ಗಾಳಿಯ ನೀರು ಅದರ ಮೇಲೆ ಕೂತು ಬಣ್ಣ ಮಂಜು ಹಿಡಿದಂತಾಗುತ್ತದೆ. ಕಡು ಬೇಸಗೆಯ ಮಧ್ಯಾಹ್ನವಾದರೆ ಹನಿಗಳು ಬೊಂಬೆಯನ್ನು ಮುಟ್ಟುವ ಮೊದಲೇ ಒಣಗಿ ಮರಳಿನಂತೆ ಕೂರುತ್ತವೆ. ಡಿಸೆಂಬರ್-ಜನವರಿಯ ಬಿಸಿಲೇರಿದ ಬೆಳಗ್ಗೆ ಸ್ಪ್ರೇ ಮಾಡಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕುಂಚದಿಂದ ಹಚ್ಚುವ ಅಕ್ರಿಲಿಕ್ ಪ್ರೈಮರ್ ಬಳಸಿ, ಎರಡು ತೆಳು ಪದರ ಹಾಕಿ, ಒಂದು ದಿನ ಮುಟ್ಟದೆ ಬಿಡಿ. ಮೊದಲು ಪೂರ್ತಿ ಕಪ್ಪು, ಬಳಿಕ ಮೇಲಿನಿಂದ ಬೆಳಕು ಬೀಳುವ ಕಡೆಗೆ ಮಾತ್ರ ಬಿಳಿ ಸವರಿದರೆ ನೆರಳು-ಬೆಳಕಿನ ನಕ್ಷೆ ಸಿದ್ಧವಾಗುತ್ತದೆ.

ಬಣ್ಣಗಳನ್ನು ಕೂಡಿಹಾಕುವ ಚಪಲ ಬೇಡ. ಹಿಂದಿನ ವೇಷಧಾರಿಗಳು ಇಂಗಳೀಕದ ಕೆಂಪು, ಅರದಾಳದ ಹಳದಿ, ಸಫೇದದ ಬಿಳಿ, ಕಾಡಿಗೆಯ ಕಪ್ಪುಗಳಿಂದಲೇ ಮುಖ ಬರೆದುಕೊಂಡರು. ಬೊಂಬೆಗೂ ಆ ನಾಲ್ಕು ಅಕ್ರಿಲಿಕ್ ಸೀಸೆ, ಜೊತೆಗೆ ಚಿನ್ನ ಮತ್ತು ಬೆಳ್ಳಿಯ ಬಣ್ಣ, ಕಂದು ವಾಶ್ (ತಗ್ಗುಗಳಿಗೆ ಹರಿದು ನೆರಳು ಕೊಡುವ ತೆಳು ಬಣ್ಣ) ಸಾಕು. ಆ ಖನಿಜಗಳನ್ನೇ ತಂದು ಅರೆಯುವ ಉತ್ಸಾಹ ಯಾರಿಗೂ ಬರದಿರಲಿ: ಇಂಗಳೀಕದಲ್ಲಿ ಪಾದರಸ, ಅರದಾಳದಲ್ಲಿ ಆರ್ಸೆನಿಕ್ ಇದೆ, ಮತ್ತು ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡುವ ಕೆಟ್ಟ ಅಭ್ಯಾಸ ಈ ಹವ್ಯಾಸದಲ್ಲಿ ಬಹಳ ಜನರಿಗಿದೆ. ಬಣ್ಣವನ್ನು ನೀರುಮಜ್ಜಿಗೆಯ ಹದಕ್ಕೆ ತೆಳುಮಾಡಿ, ಎರಡು ಮೂರು ಪದರಗಳಲ್ಲಿ ಹಚ್ಚಬೇಕು. ಒಂದೇ ದಪ್ಪ ಪದರ ಕೆತ್ತನೆಯನ್ನೆಲ್ಲ ಮುಚ್ಚಿಹಾಕುತ್ತದೆ.

ಮುಖಕ್ಕೆ ಕಡುಗೆಂಪು ಹಚ್ಚಿ ಒಣಗಿದ ಮೇಲೆ ಕಂದು ವಾಶ್ ಹರಿಸಿ, ಮೂಗು, ಕೆನ್ನೆ, ಹುಬ್ಬುಗಳ ಉಬ್ಬಿಗೆ ಮತ್ತೆ ತಿಳಿಗೆಂಪು ಕೊಡಿ. ಕಣ್ಣಿನ ಸುತ್ತ ಅಗಲವಾಗಿ ಕಪ್ಪು, ಒಳಗೆ ಬಿಳಿ. ಬಿಳಿಯ ಮೇಲೆ ಚುಕ್ಕೆ ಇಡುವ ಬದಲು ಮೇಲಿನ ರೆಪ್ಪೆಯಿಂದ ಕೆಳಗಿನ ರೆಪ್ಪೆಗೆ ಒಂದು ನೆಟ್ಟ ಗೆರೆ ಎಳೆದರೆ ಬೊಂಬೆ ಬೆಚ್ಚಿಬಿದ್ದಂತೆ ಕಾಣುವುದಿಲ್ಲ. ಆಮೇಲೆ ಚುಟ್ಟಿ. ರಂಗದಲ್ಲಿ ಅದು ಅಕ್ಕಿಹಿಟ್ಟು ಮತ್ತು ಸುಣ್ಣ ಕಲಸಿ ಮುಖದ ಮೇಲೆ ಎಬ್ಬಿಸುವ ಮುಳ್ಳುಸಾಲು; ಇಲ್ಲಿ ನೀರು ಬೆರೆಸದ ಬಿಳಿ ಬಣ್ಣವನ್ನು ಗುಂಡುಸೂಜಿಯ ತುದಿಯಲ್ಲಿ ತೆಗೆದು, ಮುಟ್ಟಿಸಿ ನೇರವಾಗಿ ಮೇಲಕ್ಕೆ ಎತ್ತಬೇಕು. ಬಣ್ಣ ಸೂಜಿಯ ಹಿಂದೆ ಎಳೆದು ಬಂದು, ಸಣ್ಣ ಮೊನೆಯಾಗಿ ನಿಂತು ಒಣಗುತ್ತದೆ. ಗಲ್ಲದ ನಡುವಿನಿಂದ ಆರಂಭಿಸಿ ಎಡಕ್ಕೊಂದು ಬಲಕ್ಕೊಂದು ಇಡುತ್ತಾ ಹೋದರೆ ಎರಡು ಕೆನ್ನೆಗಳ ಸಾಲು ಸಮನಾಗುತ್ತದೆ. ಒಂದು ಬದಿಯನ್ನು ಮುಗಿಸಿ ಇನ್ನೊಂದಕ್ಕೆ ಹೋದರೆ ಸಾಲು ಎಂದಿಗೂ ಕೂಡುವುದಿಲ್ಲ. ರಂಗದ ಚುಟ್ಟಿಯ ಎಣಿಕೆಯನ್ನು ಅನುಕರಿಸಬೇಡಿ. ಈ ಅಳತೆಯಲ್ಲಿ ಕಡಿಮೆ ಚುಕ್ಕೆಗಳೇ ದೂರಕ್ಕೆ ಕಾಣುತ್ತವೆ.

ಆಭರಣಕ್ಕೆ ಕಂದು ತಳಬಣ್ಣದ ಮೇಲೆ ಚಿನ್ನ, ಅದರ ಮೇಲೆ ಕಂದು ವಾಶ್, ಅಂಚಿಗೆ ಬೆಳ್ಳಿಯ ಎಳೆ. ಕನ್ನಡಿ ತುಂಡುಗಳಿಗೆ ಮೇಲರ್ಧ ಕಪ್ಪು, ಕೆಳಗೆ ಹೋದಂತೆ ತಿಳಿ, ಕಪ್ಪಿನಲ್ಲಿ ಒಂದು ಬಿಳಿ ಚುಕ್ಕೆ.

ಪೀಠಕ್ಕೆ ನಮ್ಮ ಮುರಕಲ್ಲಿಗಿಂತ (ಕರಾವಳಿಯ ಕೆಂಪು ಜಂಬಿಟ್ಟಿಗೆ ಕಲ್ಲು) ಚೆಲುವಾದ ವಸ್ತು ಅಂಗಡಿಯಲ್ಲಿ ಸಿಗುವುದಿಲ್ಲ. ಪುಡಿಮಾಡಿ, ಚಹಾ ಜರಡಿಯಲ್ಲಿ ಸೋಸಿ, ಫೆವಿಕಾಲಿನ ಮೇಲೆ ಉದುರಿಸಿ, ಒಣಗಿದ ಮೇಲೆ ನೀರು ಬೆರೆಸಿದ ಫೆವಿಕಾಲನ್ನು ಮತ್ತೊಮ್ಮೆ ಹನಿಸಿದರೆ ಬಣ್ಣವೇ ಬೇಡ. ಮಲ್ಪೆ ಅಥವಾ ಪಣಂಬೂರಿನ ಮರಳು ಬಳಸುವವರು ಅದನ್ನು ಸಿಹಿನೀರಿನಲ್ಲಿ ಹಲವು ಸಲ ತೊಳೆದು ಉಪ್ಪನ್ನು ಕಳೆಯಬೇಕು. ತೆಂಗಿನ ನಾರಿನ ಹುಲ್ಲು ಚೆನ್ನಾಗಿ ಕಾಣುತ್ತದಾದರೂ ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ. ವಾರ್ನಿಶ್ಶಿನಲ್ಲಿ ಪೂರ್ತಿ ನೆನೆಸಿ ಒಣಗಿಸಿಯೇ ನೆಡಬೇಕು. ಕೊನೆಯ ಮ್ಯಾಟ್ ವಾರ್ನಿಶ್ಶನ್ನೂ ತೇವದ ದಿನಗಳಲ್ಲಿ ಕುಂಚದಿಂದಲೇ ಹಚ್ಚಿ. ಪೀಠದಡಿ ಅಯಸ್ಕಾಂತ ಅಂಟಿಸಿ ಕಬ್ಬಿಣದ ತಗಡಿನ ಮೇಲೆ ನಿಲ್ಲಿಸಿ ಒಯ್ಯುವವರು ತಗಡಿಗೆ ಬಣ್ಣ ಬಳಿದಿರಲಿ, ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳನ್ನು ಇಟ್ಟಿರಲಿ, ಇಲ್ಲದಿದ್ದರೆ ಒಂದೇ ಮಳೆಗಾಲದಲ್ಲಿ ತುಕ್ಕು ಪೀಠದ ಅಂಚಿಗೆ ಏರುತ್ತದೆ.